ಮೈಕ್ರಾನ್ ಪಾಲು 21, 23, 25: ಯಾವ ಅಂದಾಜು ನಂಬೋದು?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಕೇಳ್ತಿರೋ ಗೆಳೆಯರಿಗೆ ಇವತ್ತು ವಿಶೇಷ ಸ್ವಾಗತ. ಯಾಕಂದ್ರೆ ಇವತ್ತಿನ ವಿಷಯ ಅಮೆರಿಕದ ಚಿಪ್ ಕಂಪನಿಯದ್ದಾದ್ರೂ ಉದಾಹರಣೆಗಳೆಲ್ಲ ನಿಮ್ಮ ಮೂರು ತಾಲೂಕಿನವೇ.

ಪ್ರಶ್ನೆ ಸರಳ. ಮೈಕ್ರಾನ್ ಅನ್ನೋ ಮೆಮೊರಿ ಚಿಪ್ ಕಂಪನಿಗೆ ಮಾರುಕಟ್ಟೆಯಲ್ಲಿ 21 ಪರ್ಸೆಂಟ್ ಪಾಲು ಇದೆ ಅಂತ ಒಂದು ವಿಡಿಯೊ ಹೇಳ್ತದೆ. ಇನ್ನೊಂದು 23 ಅಂತದೆ. ಮತ್ತೊಂದು ಸುದ್ದಿಯಲ್ಲಿ 25. ಮೂರೂ 2025ರ ಲೆಕ್ಕ. ಹಂಗಾದ್ರೆ ಇದರಲ್ಲಿ ಯಾರು ಸುಳ್ಳು ಹೇಳ್ತಿದಾರೆ?

ಬಹುಶಃ ಯಾರೂ ಅಲ್ಲ. ಮೂವರೂ ಬೇರೆ ಬೇರೆ ವಸ್ತು ಅಳೆದು, ಎಲ್ಲಕ್ಕೂ ‘ಮಾರುಕಟ್ಟೆ ಪಾಲು’ ಅನ್ನೋ ಒಂದೇ ಹೆಸರು ಇಟ್ಟಿದಾರೆ. ಈ ಸಂಚಿಕೆಯಲ್ಲಿ ಆ ಮೂರು ಸಂಖ್ಯೆ ಎಲ್ಲಿಂದ ಬಂದ್ವು ಅಂತ ಬಿಡಿಸಿ ನೋಡೋಣ.

ನಮಗ್ಯಾಕೆ ಇದು?

ಎರಡು ಕಾರಣ. ಒಂದು, ನೀವು ಈಗ ಇದನ್ನ ಕೇಳ್ತಿರೋ ಫೋನ್ ಒಳಗೆ ಮೆಮೊರಿ ಚಿಪ್ ಇದೆ. ಅದರ ಬೆಲೆ ಏರಿದ್ರೆ ಫೋನಿನ ಬೆಲೆಯೂ ಏರ್ತದೆ. 2025ರ ಕೊನೆಗೆ ರ‍್ಯಾಮ್ ಬೆಲೆ ಜಗತ್ತಿನ ತುಂಬ ಏರಿತು. ಹಳೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸಿದವರಿಗೆ ಕ್ರೂಷಿಯಲ್ ಅನ್ನೋ ಹೆಸರು ಗೊತ್ತಿರ್ತದೆ. ಅದು ಮೈಕ್ರಾನ್‌ದೇ ಬ್ರ್ಯಾಂಡ್. 2025ರ ಡಿಸೆಂಬರ್ 3ರಂದು ಮೈಕ್ರಾನ್ ಆ ವ್ಯಾಪಾರದಿಂದಲೇ ಹೊರಗೆ ಹೋಗ್ತೀವಿ ಅಂತ ಘೋಷಿಸಿತು.

ಎರಡನೇದು, ದುಡ್ಡು. ಆ್ಯಪ್ ಮೂಲಕ ಅಮೆರಿಕದ ಷೇರು ತಗೊಳ್ಳೋ ಹುಡುಗರು ಈಗ ಸಣ್ಣ ಊರುಗಳಲ್ಲೂ ಇದಾರೆ. ‘ಪಾಲು 21ರಿಂದ 25ಕ್ಕೆ ಏರಿತು, ಈಗಲೇ ತಗೊಳ್ಳಿ’ ಅನ್ನೋ ವಿಡಿಯೊ ನೋಡಿ ದುಡ್ಡು ಹಾಕೋರಿದಾರೆ. ಷೇರು ತಗೊಳ್ಳಿ, ಬಿಡಿ ಅಂತ ನಾನು ಹೇಳೋದಿಲ್ಲ. ಆದ್ರೆ 21 ಒಂದು ವಸ್ತುವಿನ ಲೆಕ್ಕ, 25 ಇನ್ನೊಂದರ ಲೆಕ್ಕ ಆಗಿದ್ರೆ, ಅಲ್ಲಿ ಏರಿಕೆ ಅನ್ನೋದೇ ಇಲ್ಲವಲ್ಲ?

ಕಂಪನಿ ಪರಿಚಯ ಎರಡೇ ಮಾತಿನಲ್ಲಿ. ಮೈಕ್ರಾನ್ ಶುರುವಾಗಿದ್ದು 1978ರಲ್ಲಿ, ಅಮೆರಿಕದ ಐಡಹೊ ರಾಜ್ಯದ ಬಾಯ್ಸಿಯಲ್ಲಿ. ಅದು ಆಲೂಗಡ್ಡೆ ಬೆಳೆಯೋ ಸೀಮೆ. ಆರಂಭದಲ್ಲಿ ದುಡ್ಡು ಹಾಕಿದವರಲ್ಲಿ ಜೆ. ಆರ್. ಸಿಂಪ್ಲಾಟ್ ಅನ್ನೋ ಆಲೂಗಡ್ಡೆ ಉದ್ಯಮಿಯೂ ಇದ್ದರು. ಈಗಿನ ಮುಖ್ಯಸ್ಥ ಸಂಜಯ್ ಮೆಹ್ರೋತ್ರಾ ಕಾನ್ಪುರದಲ್ಲಿ ಹುಟ್ಟಿದವರು. ಗುಜರಾತಿನ ಸಾಣಂದದಲ್ಲಿ ಚಿಪ್ ಜೋಡಿಸಿ ಪರೀಕ್ಷೆ ಮಾಡೋ ಘಟಕ ಕಟ್ಟೋದಾಗಿ 2023ರಲ್ಲಿ ಘೋಷಿಸಿದ್ದೂ ಇದೇ ಕಂಪನಿ.

ಕರದಂಟಿನ ಲೆಕ್ಕ

ಮೊದಲು ಗೋಕಾಕಕ್ಕೆ ಹೋಗೋಣ. ಕರದಂಟು ಮಾರೋ ಎರಡೇ ಅಂಗಡಿ ಇವೆ ಅಂತ ಸುಮ್ಮನೆ ಅಂದುಕೊಳ್ರಿ. ಮೊದಲನೇ ಅಂಗಡಿ ಸಾದಾ ಕರದಂಟು ಮಾರ್ತದೆ, ಕಿಲೋಗೆ 400 ರೂಪಾಯಿ, ದಿನಕ್ಕೆ 60 ಕಿಲೋ. ಎರಡನೇ ಅಂಗಡಿ ಗೋಡಂಬಿ, ಬಾದಾಮಿ ಜಾಸ್ತಿ ಹಾಕಿದ ಸ್ಪೆಷಲ್ ಕರದಂಟು ಮಾರ್ತದೆ, ಕಿಲೋಗೆ 900 ರೂಪಾಯಿ, ದಿನಕ್ಕೆ 40 ಕಿಲೋ. ಇವು ನಾನು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆ, ಯಾವ ಅಂಗಡಿಯದ್ದೂ ಅಲ್ಲ.

ಈಗ ಮಾರುಕಟ್ಟೆಯಲ್ಲಿ ಯಾರ ಪಾಲು ಹೆಚ್ಚು? ಕಿಲೋ ಲೆಕ್ಕದಲ್ಲಿ ಮೊದಲನೇ ಅಂಗಡಿ 60, ಎರಡನೇದು 40. ರೂಪಾಯಿ ಲೆಕ್ಕ ಹಾಕ್ರಿ. ಮೊದಲನೇದು 24,000 ರೂಪಾಯಿ, ಎರಡನೇದು 36,000 ರೂಪಾಯಿ. ಪಾಲು ಪೂರಾ ತಿರುಗಿಬಿಡ್ತು, 40 ಮತ್ತು 60. ‘ನಾವೇ ನಂಬರ್ ಒನ್’ ಅಂತ ಇಬ್ಬರೂ ಬೋರ್ಡ್ ಹಾಕಬಹುದು, ಇಬ್ಬರದ್ದೂ ನಿಜ.

ಮೆಮೊರಿ ಚಿಪ್ಪಿನಲ್ಲೂ ಹೀಗೇ. ಕಿಲೋ ಬದಲು ಅಲ್ಲಿ ಬಿಟ್ ಅಂತಾರೆ, ಅಂದ್ರೆ ಎಷ್ಟು ಮೆಮೊರಿ ಸಾಮರ್ಥ್ಯ ಮಾರಾಟ ಆಯ್ತು ಅನ್ನೋದು. ಇನ್ನೊಂದು ಅಳತೆ ಡಾಲರ್. ಸಾದಾ ಕರದಂಟಿನ ಜಾಗದಲ್ಲಿ ಡಿ-ರ‍್ಯಾಮ್, ಅಂದ್ರೆ ಫೋನು, ಕಂಪ್ಯೂಟರಿನಲ್ಲಿ ರ‍್ಯಾಮ್ ಆಗಿ ಕೆಲಸ ಮಾಡೋ ಚಿಪ್. ಸ್ಪೆಷಲ್ ಕರದಂಟಿನ ಜಾಗದಲ್ಲಿ ಎಚ್‌ಬಿಎಂ, ಹೈ ಬ್ಯಾಂಡ್‌ವಿಡ್ತ್ ಮೆಮೊರಿ. ಡಿ-ರ‍್ಯಾಮ್ ಚಿಪ್‌ಗಳನ್ನೇ ಒಂದರ ಮೇಲೊಂದು ಪೇರಿಸಿ, ಎಐ ಪ್ರೊಸೆಸರ್ ಪಕ್ಕದಲ್ಲೇ ಕೂರಿಸೋದು. ಬೆಲೆ ಭಾರಿ. ಹಾಗಾಗಿ ಎಚ್‌ಬಿಎಂ ಜಾಸ್ತಿ ಮಾರೋ ಕಂಪನಿ ಡಾಲರ್ ಲೆಕ್ಕದಲ್ಲಿ ಮುಂದೆ ಕಾಣ್ತದೆ, ಬಿಟ್ ಲೆಕ್ಕದಲ್ಲಿ ಅಷ್ಟು ಮುಂದೆ ಇರಲಿಕ್ಕಿಲ್ಲ.

ಕೆಳಗಿನ ಸಂಖ್ಯೆ ಯಾವುದು?

ಪಾಲು ಅಂದ್ರೆ ಭಿನ್ನರಾಶಿ. ಮೇಲೆ ಕಂಪನಿಯ ಮಾರಾಟ, ಕೆಳಗೆ ಇಡೀ ಮಾರುಕಟ್ಟೆ. ಎಲ್ಲರೂ ಮೇಲಿನದ್ದನ್ನ ನೋಡ್ತಾರೆ, ಕೆಳಗಿನದ್ದನ್ನ ಮರೀತಾರೆ.

ಹುಕ್ಕೇರಿಯವರಿಗೆ ಇದು ಬೇಗ ಅರ್ಥ ಆಗ್ತದೆ. ಅಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ. 1969ರ ಸಂಸ್ಥೆ. ರಾಜ್ಯದ ಬೇರೆ ಕಡೆ ಹೆಸ್ಕಾಂ, ಬೆಸ್ಕಾಂ ತರಹದ ಸರ್ಕಾರಿ ಕಂಪನಿಗಳು ಕರೆಂಟ್ ಕೊಟ್ರೆ, ಹುಕ್ಕೇರಿ ತಾಲೂಕಿನಲ್ಲಿ ಈ ಸಂಘ ಕೊಡ್ತದೆ. ಹುಕ್ಕೇರಿಯನ್ನಷ್ಟೇ ಕೆಳಗೆ ಇಟ್ಟು ಭಾಗಿಸಿದ್ರೆ ಸಂಘವೇ ರಾಜ. ಇಡೀ ಕರ್ನಾಟಕವನ್ನ ಕೆಳಗೆ ಇಟ್ರೆ ಅದರ ಪಾಲು ಕಣ್ಣಿಗೆ ಕಾಣೋದಿಲ್ಲ. ಸಂಘ ಅದೇ, ಕರೆಂಟೂ ಅದೇ.

ಮೈಕ್ರಾನ್ ವಿಷಯದಲ್ಲೂ ಕೆಳಗೆ ಮೂರು ತರಹದ ಸಂಖ್ಯೆ ಇಡಬಹುದು: ಎಚ್‌ಬಿಎಂ ಮಾತ್ರ, ಇಡೀ ಡಿ-ರ‍್ಯಾಮ್, ಅಥವಾ ಫೋಟೊ, ವಿಡಿಯೊ ಉಳಿಸೋ ನ್ಯಾಂಡ್ ಚಿಪ್‌ಗಳನ್ನೂ ಸೇರಿಸಿದ ಒಟ್ಟು ಮೆಮೊರಿ. ನಾನು ಮೊದಲು ಹೇಳಿದ 25 ಇಡೀ ಡಿ-ರ‍್ಯಾಮ್‌ನದು, ಕೌಂಟರ್‌ಪಾಯಿಂಟ್ ಸಂಸ್ಥೆ 2025ರ ಜನವರಿ–ಮಾರ್ಚ್‌ಗೆ ಕೊಟ್ಟ ಅಂದಾಜು. 21 ಬರೀ ಎಚ್‌ಬಿಎಂದು, ಅದೇ ಸಂಸ್ಥೆ ಅದರ ಮುಂದಿನ ಮೂರು ತಿಂಗಳಿಗೆ ಕೊಟ್ಟಿದ್ದು. ಇವೆರಡನ್ನ ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅನ್ನೋಕೆ ಬರೋದಿಲ್ಲ.

ಕೆಳಗಿನ ಸಂಖ್ಯೆಯಲ್ಲಿ ಇನ್ನೊಂದು ತೊಡಕಿದೆ. ಚೀನಾದಲ್ಲಿ ಸಿಎಕ್ಸ್‌ಎಂಟಿ ಅನ್ನೋ ಡಿ-ರ‍್ಯಾಮ್ ಕಂಪನಿ ವೇಗವಾಗಿ ಬೆಳೀತಿದೆ. ಆ ಹೊತ್ತಿಗೆ ಅದು ಷೇರುಪೇಟೆಗೆ ಬಂದಿರಲಿಲ್ಲ, ಹಾಗಾಗಿ ಮೂರು ತಿಂಗಳಿಗೊಮ್ಮೆ ಲೆಕ್ಕ ಪ್ರಕಟಿಸೋ ಕಟ್ಟಳೆ ಇರಲಿಲ್ಲ. ಅಂಥ ಕಂಪನಿಯ ಮಾರಾಟವನ್ನ ಹೊರಗಿನವರು ಊಹೆ ಮಾಡಿಯೇ ಸೇರಿಸಬೇಕು. ಅದು ಬೆಳೆದಷ್ಟೂ ಒಟ್ಟು ಮಾರುಕಟ್ಟೆಯಲ್ಲಿ ಊಹೆಯ ಭಾಗ ಬೆಳೀತದೆ.

ವಿಶ್ಲೇಷಕರು ಹೇಗೆ ಲೆಕ್ಕ ಹಾಕ್ತಾರೆ?

ತೈವಾನಿನ ಟ್ರೆಂಡ್‌ಫೋರ್ಸ್ ಸಂಸ್ಥೆ 2025ರ ಜನವರಿ–ಮಾರ್ಚ್‌ಗೆ ಕೊಟ್ಟ ಪಟ್ಟಿ ನೋಡೋಣ. ಇಡೀ ಡಿ-ರ‍್ಯಾಮ್ ಮಾರುಕಟ್ಟೆ 2,701 ಕೋಟಿ ಡಾಲರ್. ಕೊರಿಯಾದ ಎಸ್‌ಕೆ ಹೈನಿಕ್ಸ್ 972 ಕೋಟಿ, 36 ಪರ್ಸೆಂಟ್. ಸ್ಯಾಮ್‌ಸಂಗ್ 910 ಕೋಟಿ, 33.7 ಪರ್ಸೆಂಟ್. ಮೈಕ್ರಾನ್ 658 ಕೋಟಿ, 24.3 ಪರ್ಸೆಂಟ್. ಮೂರು ದಶಕದಿಂದ ಮೊದಲ ಸ್ಥಾನದಲ್ಲಿದ್ದ ಸ್ಯಾಮ್‌ಸಂಗನ್ನ ಹೈನಿಕ್ಸ್ ಹಿಂದಿಕ್ಕಿತು ಅಂತ ದೊಡ್ಡ ಸುದ್ದಿ ಆಯ್ತು.

ಈ ಸಂಖ್ಯೆಗಳನ್ನ ನಾನು ಕ್ಯಾಲ್ಕುಲೇಟರ್ ಹಿಡಿದು ಹಿಂದಕ್ಕೆ ಬಿಡಿಸಿ ನೋಡಿದೆ. ನೀವೂ ಮಾಡಬಹುದು, ಹೈಸ್ಕೂಲ್ ಗಣಿತ ಸಾಕು.

ಹೈನಿಕ್ಸ್ ಸುಲಭ. ಆ ಮೂರು ತಿಂಗಳಲ್ಲಿ ಅದರ ಒಟ್ಟು ಮಾರಾಟ 17.64 ಲಕ್ಷ ಕೋಟಿ ವೋನ್. ಅದರಲ್ಲಿ ಡಿ-ರ‍್ಯಾಮ್ 80 ಪರ್ಸೆಂಟ್ ಅಂತ ಕಂಪನಿಯೇ ಹೇಳಿದೆ. ಅಂದ್ರೆ ಸುಮಾರು 14.11 ಲಕ್ಷ ಕೋಟಿ ವೋನ್. ಆಗ ಒಂದು ಡಾಲರಿಗೆ ಹೆಚ್ಚುಕಮ್ಮಿ 1,450 ವೋನ್ ಇತ್ತು. ಭಾಗಿಸಿದ್ರೆ 973 ಕೋಟಿ ಡಾಲರ್. ಪಟ್ಟಿಯ 972ಕ್ಕೆ ಸರಿಯಾಗಿ ಕೂತ್ಕೊಳ್ತದೆ.

ಸ್ಯಾಮ್‌ಸಂಗ್ ಬಂದಾಗ ಕಷ್ಟ ಶುರು. ಅದು ಡಿ-ರ‍್ಯಾಮ್ ಮತ್ತು ನ್ಯಾಂಡ್ ಎರಡನ್ನೂ ಕೂಡಿಸಿ ‘ಮೆಮೊರಿ’ ಅಂತ ಒಂದೇ ಸಂಖ್ಯೆ ಕೊಡ್ತದೆ, ಆ ಸಲ 19.1 ಲಕ್ಷ ಕೋಟಿ ವೋನ್. ಡಾಲರಿನಲ್ಲಿ ಸುಮಾರು 1,317 ಕೋಟಿ. ಅದರಲ್ಲಿ ಡಿ-ರ‍್ಯಾಮ್ ಎಷ್ಟು ಅನ್ನೋದನ್ನ ವಿಶ್ಲೇಷಕರೇ ಅಂದಾಜು ಮಾಡಬೇಕು. ಚಿಪ್ ಕೊಳ್ಳೋರು, ವಿತರಕರು, ಬಿಡಿಭಾಗ ಪೂರೈಸೋರ ಜೊತೆ ಮಾತಾಡಿ, ಮಾರುಕಟ್ಟೆ ದರ ನೋಡಿ ಹಾಕೋ ಅಂದಾಜು ಅದು. ಪಟ್ಟಿಯ 910 ಕೋಟಿ ಅಂದ್ರೆ ಅವರು ಹೆಚ್ಚುಕಮ್ಮಿ 69 ಪರ್ಸೆಂಟ್ ಹಿಡಿದಿದ್ದಾರೆ ಅಂತಾಯ್ತು. ಅದನ್ನೇ 74 ಪರ್ಸೆಂಟ್ ಹಿಡಿದ್ರೆ? ಸ್ಯಾಮ್‌ಸಂಗ್ 975 ಕೋಟಿ ಆಗಿ ಮತ್ತೆ ಮೊದಲ ಸ್ಥಾನಕ್ಕೆ ಹೋಗ್ತದೆ. 30 ವರ್ಷದ ಕಿರೀಟ ಬದಲಾಯ್ತು ಅನ್ನೋ ಸುದ್ದಿ ನಿಂತಿರೋದು ಹೊರಗಿನವರು ಮಾಡಿದ ಈ ಒಂದು ವಿಭಜನೆಯ ಮೇಲೆ.

ಹಾಗಂತ ಅದು ತಪ್ಪು ಅಂತ ನಾನು ಹೇಳ್ತಿಲ್ಲ. ಕೌಂಟರ್‌ಪಾಯಿಂಟ್ ಕೂಡ ಅದೇ ಮೂರು ತಿಂಗಳಿಗೆ ಹೈನಿಕ್ಸ್ 36, ಸ್ಯಾಮ್‌ಸಂಗ್ 34, ಮೈಕ್ರಾನ್ 25 ಅಂತ ಹೇಳಿತು. ಎರಡು ಸಂಸ್ಥೆ ಬೇರೆ ಬೇರೆ ಕೂತು ಹತ್ತಿರದ ಉತ್ತರಕ್ಕೆ ಬಂದ್ರೆ ಅದಕ್ಕೆ ಬೆಲೆ ಇದೆ. ಆದ್ರೆ 33.7 ಅಂತ ದಶಮಾಂಶದವರೆಗೆ ಬರೆದಾಗ, ಕಾಟಾ ಮೇಲೆ ಇಟ್ಟು ತೂಗಿದ ಹಾಗೆ ಕಾಣ್ತದಲ್ಲ, ಅಲ್ಲಿ ಹುಷಾರಾಗಿರಬೇಕು.

ಮೈಕ್ರಾನ್‌ನ ಕ್ಯಾಲೆಂಡರೇ ಬೇರೆ

ಮೈಕ್ರಾನ್ ಡಿ-ರ‍್ಯಾಮ್ ಮಾರಾಟವನ್ನ ಬಿಡಿಯಾಗಿ ಹೇಳ್ತದೆ, ಅದು ಒಳ್ಳೇದು. ತೊಂದರೆ ತಾರೀಖಿನದು. ಅದರ ಹಣಕಾಸು ವರ್ಷ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಆರಂಭಕ್ಕೆ ಮುಗೀತದೆ. ಸಕ್ಕರೆ ಕಾರ್ಖಾನೆಯವರ ಹಂಗಾಮು ಅಕ್ಟೋಬರಿನಿಂದ ಸೆಪ್ಟೆಂಬರ್ ಅಲ್ಲೇನ್ರಿ, ಬ್ಯಾಂಕಿನವರ ವರ್ಷ ಏಪ್ರಿಲ್‌ನಿಂದ ಮಾರ್ಚ್. ಇಬ್ಬರ ‘ಈ ವರ್ಷ’ ಒಂದೇ ಅಲ್ಲ. ಹಂಗೇ ಇದು.

2025ರ ಫೆಬ್ರವರಿ 27ಕ್ಕೆ ಮುಗಿದ ಮೂರು ತಿಂಗಳಲ್ಲಿ ಮೈಕ್ರಾನ್ ಡಿ-ರ‍್ಯಾಮ್ ಮಾರಾಟ 610 ಕೋಟಿ ಡಾಲರ್. ಮೇ 29ಕ್ಕೆ ಮುಗಿದ ಮೂರು ತಿಂಗಳಲ್ಲಿ 710 ಕೋಟಿ. ಜನವರಿ–ಮಾರ್ಚ್‌ಗೆ ಎಷ್ಟು? ಅದು ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ. ಮೊದಲಿನದರಲ್ಲಿ ಎರಡು ತಿಂಗಳು, ಎರಡನೇದರಲ್ಲಿ ಒಂದು ತಿಂಗಳು ಅಂತ ನಾನು ಸರಳವಾಗಿ ಹಂಚಿದ್ರೆ 643 ಕೋಟಿ ಬಂತು. ಟ್ರೆಂಡ್‌ಫೋರ್ಸ್ 658 ಅಂತ ಹಾಕಿದೆ.

ಈಗ ಬೇರೆ ಯಾರೋ ಒಬ್ಬರು 610 ಹಿಡಿದ್ರೆ ಮೈಕ್ರಾನ್ ಪಾಲು 23. ಇನ್ನೊಬ್ಬರು 710 ಹಿಡಿದ್ರೆ ಸುಮಾರು 26. ಕಂಪನಿ ಒಂದು ಚಿಪ್ಪನ್ನೂ ಹೆಚ್ಚು ಮಾರಿಲ್ಲ. ಕ್ಯಾಲೆಂಡರ್ ಸರಿಸಿದ್ದಕ್ಕೇ ಮೂರು ಪರ್ಸೆಂಟ್ ಆಚೀಚೆ. ವಿಡಿಯೊಗಳಲ್ಲಿ ‘ಪಾಲು ಜಿಗಿದಿದೆ’ ಅನ್ನೋದು ಎಷ್ಟೋ ಸಲ ಇಷ್ಟೇ ಅಂತರದ ಮಾತು.

ಗುರ್ಲಾಪುರ ಕ್ರಾಸಿನ ಪ್ರಶ್ನೆ

ಇನ್ನು ಎಚ್‌ಬಿಎಂ. ಇಲ್ಲಿ ಅಂದಾಜು ಇನ್ನೂ ಸಡಿಲ. ಅದಕ್ಕೆ ಮೊದಲು ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್ ನೆನಪು ಮಾಡ್ಕೊಳ್ಳಿ. 2025ರ ನವೆಂಬರಿನಲ್ಲಿ ಕಬ್ಬು ಬೆಳೆಗಾರರು ಅಲ್ಲಿ ರಸ್ತೆಯಲ್ಲೇ ಕೂತಿದ್ದರು. ಟನ್ನಿಗೆ 3,500 ರೂಪಾಯಿ ಬೇಡಿಕೆ. ಕೊನೆಗೆ ನವೆಂಬರ್ 7ರಂದು ಸರ್ಕಾರ 3,300 ರೂಪಾಯಿ ಘೋಷಿಸಿತು.

ಆ ಹೋರಾಟದ ಹೊತ್ತಿಗೆ ಹೊರಗಿನವರು ಒಂದು ಮಾತು ಕೇಳ್ತಿದ್ದರು: ಕೇಂದ್ರದ ಎಫ್‌ಆರ್‌ಪಿ ದರವೇ ಕ್ವಿಂಟಾಲಿಗೆ 355, ಅಂದ್ರೆ ಟನ್ನಿಗೆ 3,550 ಇದೆಯಲ್ಲ, ಮತ್ಯಾಕೆ 3,500 ಕೇಳ್ತಾರೆ? ಬೆಳೆಗಾರರಿಗೆ ಉತ್ತರ ಗೊತ್ತು. ಆ 3,550 ಸಿಗೋದು 10.25 ಪರ್ಸೆಂಟ್ ರಿಕವರಿಗೆ, ಅಂದ್ರೆ ಕಬ್ಬಿನಿಂದ ಅಷ್ಟು ಸಕ್ಕರೆ ಇಳುವರಿ ಬಂದ್ರೆ. ಮೇಲಾಗಿ ಕಟಾವು, ಸಾಗಣೆ ಖರ್ಚು ಅದರಲ್ಲೇ ಮುರಿದುಕೊಳ್ತಾರೆ. ಕೈಗೆ ಬರೋ ಸಂಖ್ಯೆ ಬೇರೆ. ಇನ್ನು ರಿಕವರಿ ಅಳೆಯೋದು ಕಾರ್ಖಾನೆಯಲ್ಲೇ. ‘ಅಳೆಯೋರೂ ಅವರೇ, ಕೊಡೋರೂ ಅವರೇ’ ಅನ್ನೋ ದೂರು ನಮ್ಮ ಭಾಗಕ್ಕೆ ಹಳೇದು.

ಇದೇ ಕಣ್ಣಿನಿಂದ ಎಚ್‌ಬಿಎಂ ನೋಡಿ. 2025ರ ಆಗಸ್ಟ್ 28ಕ್ಕೆ ಮುಗಿದ ಮೂರು ತಿಂಗಳಲ್ಲಿ ನಮ್ಮ ಎಚ್‌ಬಿಎಂ ಮಾರಾಟ ಸುಮಾರು 200 ಕೋಟಿ ಡಾಲರ್, ವರ್ಷಕ್ಕೆ ಹಿಡಿದ್ರೆ ಸುಮಾರು 800 ಕೋಟಿ ಅಂತ ಮೈಕ್ರಾನ್ ಹೇಳಿತು. 2025ರ ಇಡೀ ಎಚ್‌ಬಿಎಂ ಮಾರುಕಟ್ಟೆ 3,500 ಕೋಟಿಗೂ ಹೆಚ್ಚು ಅನ್ನೋ ಅಂದಾಜೂ ಮೈಕ್ರಾನ್‌ದೇ. 800 ಭಾಗಿಸು 3,500, ಉತ್ತರ 23. ಆ ಮೂರನೇ ಸಂಖ್ಯೆ ಬಂದಿದ್ದು ಹೀಗೆ. ಎಚ್‌ಬಿಎಂನಲ್ಲೂ ಡಿ-ರ‍್ಯಾಮ್‌ನಷ್ಟೇ ಪಾಲು ಪಡೀತೀವಿ ಅಂತ ಕಂಪನಿ ಮೊದಲಿನಿಂದ ಹೇಳ್ತಿದ್ದ ಗುರಿಗೂ ಅದು ಸರಿಹೊಂದ್ತದೆ.

ಲೆಕ್ಕ ಸರಿ ಕಾಣ್ತದೆ, ಆದ್ರೆ ಎರಡು ಕಡೆ ನಿಲ್ಲಬೇಕು. ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ ಎರಡೂ ಒಬ್ಬರದ್ದೇ. ಜೊತೆಗೆ ಮೇಲೆ ಇರೋದು ವರ್ಷದ ಒಂದು ಜೋರಾದ ತ್ರೈಮಾಸಿಕವನ್ನ ನಾಲ್ಕರಿಂದ ಗುಣಿಸಿದ್ದು, ಕೆಳಗೆ ಇರೋದು ಮಂದವಾಗಿದ್ದ ತಿಂಗಳುಗಳನ್ನೂ ಸೇರಿಸಿದ ಇಡೀ ವರ್ಷ. 3,500ರ ಕಾಲು ಭಾಗ 875 ಕೋಟಿ. ಏರ್ತಾ ಇರೋ ಮಾರುಕಟ್ಟೆಯಲ್ಲಿ ಆ ಮೂರು ತಿಂಗಳಿಗೆ 1,000 ಕೋಟಿ ಇತ್ತು ಅಂತ ಹಿಡಿದ್ರೆ, ಮೈಕ್ರಾನ್ ಪಾಲು 23 ಅಲ್ಲ, 20. ಈ 1,000 ನನ್ನ ಊಹೆ. ಆದ್ರೆ ಎಷ್ಟು ಸುಲಭಕ್ಕೆ ಉತ್ತರ ಬದಲಾಗ್ತದೆ ಅನ್ನೋದು ಅದರಿಂದ ಗೊತ್ತಾಗ್ತದೆ.

ಹೊರಗಿನವರ ಅಂದಾಜು? ಏಪ್ರಿಲ್–ಜೂನ್‌ಗೆ ಕೌಂಟರ್‌ಪಾಯಿಂಟ್ ಹೇಳಿದ್ದು ಹೈನಿಕ್ಸ್ 62, ಮೈಕ್ರಾನ್ 21, ಸ್ಯಾಮ್‌ಸಂಗ್ 17. ಇಂಥ ಸಂಖ್ಯೆ ಕಂಡಾಗ ಕರದಂಟಿನ ಪ್ರಶ್ನೆ ಮರೀಬೇಡಿ: ಇದು ಸರಕಿನ ಲೆಕ್ಕವೋ, ದುಡ್ಡಿನ ಲೆಕ್ಕವೋ?

ಹಂಗಾದ್ರೆ ಯಾವುದನ್ನ ನಂಬೋದು?

ಗಟ್ಟಿ ಸಂಖ್ಯೆ ಇದೆ. ಮೈಕ್ರಾನ್ ತನ್ನ ಡಿ-ರ‍್ಯಾಮ್ ಮಾರಾಟವನ್ನ ಅಮೆರಿಕದ ಷೇರುಪೇಟೆ ನಿಯಂತ್ರಕ ಎಸ್‌ಇಸಿಗೆ ಬರೆದು ಕೊಡ್ತದೆ. ಸುಳ್ಳು ಬರೆದ್ರೆ ಕಾನೂನು ಹಿಡೀತದೆ. 610 ಕೋಟಿ, 710 ಕೋಟಿ, ಅದರ ಮುಂದಿನ ಮೂರು ತಿಂಗಳಲ್ಲಿ ಸುಮಾರು 900 ಕೋಟಿ. ಇದು ಲೆಕ್ಕಪುಸ್ತಕದ ಏರಿಕೆ. ಇದರ ಕೆಳಗಿನ ಮೆಟ್ಟಿಲಲ್ಲಿ ಕಂಪನಿಯ ಮುಖ್ಯಸ್ಥರು ಬಾಯಿಮಾತಿನಲ್ಲಿ ಕೊಡೋ ಸುಮಾರು ಲೆಕ್ಕ. ಅದರ ಕೆಳಗೆ ಹೊರಗಿನವರ ಅಂದಾಜು. ಎಲ್ಲಕ್ಕಿಂತ ಕೆಳಗೆ, ಆ ಅಂದಾಜನ್ನ ಮೂಲ ಹೇಳದೆ ಥಂಬ್‌ನೇಲ್ ಮೇಲೆ ಬರೆಯೋ ವಿಡಿಯೊ.

ಅಂದಾಜನ್ನ ದಿಕ್ಕು ನೋಡೋಕೆ ಬಳಸಿ. ಒಂದೇ ಸಂಸ್ಥೆಯ, ಒಂದೇ ಅಳತೆಯ ಪಟ್ಟಿಯನ್ನ ನಾಲ್ಕಾರು ತ್ರೈಮಾಸಿಕ ಸಾಲಾಗಿ ಇಟ್ಟು ನೋಡಿದ್ರೆ ಯಾರು ಏರ್ತಿದಾರೆ, ಯಾರು ಇಳೀತಿದಾರೆ ಅನ್ನೋದು ಸಿಗ್ತದೆ. ಎರಡು ಮೂರು ಪರ್ಸೆಂಟ್ ಅಂತರಕ್ಕೆ ಗೆದ್ದವರು, ಸೋತವರು ಅಂತ ತೀರ್ಮಾನ ಬೇಡ.

ಪಾಲು ಹೇಳದೇ ಇರೋ ಮಾತು

ಕೊನೇದಾಗಿ, ಅಂದಾಜು ಎಷ್ಟೇ ಸರಿ ಇದ್ರೂ ಅದರೊಳಗೆ ಕಾಣದ ಒಂದು ಸಂಗತಿ ಇದೆ. ಟ್ರೆಂಡ್‌ಫೋರ್ಸ್ ಪಟ್ಟಿಯ ಮೂರೂ ಕಂಪನಿ ಕೂಡಿಸಿ: 36, 33.7, 24.3. ಒಟ್ಟು 94. ಇವರ ನಡುವೆ ಯಾರು ಮುಂದೆ ಅನ್ನೋ ಜಗಳದಲ್ಲಿ ಸಂಖ್ಯೆ ಅಲುಗಾಡಬಹುದು. ಮೂವರ ಕೈಯಲ್ಲಿ ಹೆಚ್ಚುಕಮ್ಮಿ ಇಡೀ ಮಾರುಕಟ್ಟೆ ಇದೆ ಅನ್ನೋದು ಯಾವ ಅಂದಾಜು ಹಿಡಿದ್ರೂ ಬದಲಾಗೋದಿಲ್ಲ.

ಆ ಮೂವರೂ ಎಚ್‌ಬಿಎಂ ಕಡೆ ಓಡ್ತಿದಾರೆ. ಮೈಕ್ರಾನ್ ಹೇಳೋ ಪ್ರಕಾರ, ಅಷ್ಟೇ ಸಾಮರ್ಥ್ಯದ ಸಾದಾ ಡಿಡಿಆರ್5 ಮೆಮೊರಿಗೆ ಬೇಕಾಗೋದರ ಸುಮಾರು ಮೂರು ಪಟ್ಟು ವೇಫರ್ ಎಚ್‌ಬಿಎಂಗೆ ಬೇಕು. ವೇಫರ್ ಅಂದ್ರೆ ಚಿಪ್ ಮಾಡೋ ಸಿಲಿಕಾನ್ ಬಿಲ್ಲೆ. ಎಐಗೆ ಒಂದು ಚಿಪ್ ಹೋದ್ರೆ ಫೋನು, ಲ್ಯಾಪ್‌ಟಾಪಿಗೆ ಸಿಗಬೇಕಿದ್ದ ಮೂರು ಪಾಲು ಕಡಿಮೆ ಆದ ಹಾಗೆ. ಸರಕು ಕಡಿಮೆ ಆದ್ರೆ ಬೆಲೆ ಏರ್ತದೆ, ಬೆಲೆ ಏರಿದ್ರೆ ಡಾಲರ್ ಲೆಕ್ಕದ ಮಾರಾಟವೂ ಏರ್ತದೆ. ಹೀಗಾಗಿ ಮೈಕ್ರಾನ್ ಕ್ರೂಷಿಯಲ್ ಅಂಗಡಿ ಮುಚ್ಚಿದ್ರೂ ಅದರ ಪಾಲು ಇಳಿಯಬೇಕು ಅಂತೇನಿಲ್ಲ. ಆದ್ರೆ ಗೋಕಾಕದಲ್ಲಿ ಹಳೇ ಲ್ಯಾಪ್‌ಟಾಪಿಗೆ ಎಂಟು ಜಿಬಿ ರ‍್ಯಾಮ್ ಹಾಕಿಸಬೇಕು ಅಂತಿರೋ ಡಿಗ್ರಿ ಹುಡುಗಿಗೆ ಆಯ್ಕೆ ಒಂದು ಕಡಿಮೆ ಆಯ್ತು. ಅವಳ ಲೆಕ್ಕ ಯಾವ ಪಟ್ಟಿಯಲ್ಲೂ ಬರೋದಿಲ್ಲ.

ಮುಂದಿನ ಸಲ ಯಾವುದೇ ಕಂಪನಿಯ ಪಾಲು ಇಷ್ಟು ಅಂತ ಯಾರಾದ್ರೂ ಹೇಳಿದ್ರೆ, ನಾಲ್ಕು ಮಾತು ಕೇಳ್ರಿ: ಯಾವುದರ ಪಾಲು? ಸರಕಿನದೋ, ದುಡ್ಡಿನದೋ? ಯಾವ ತಿಂಗಳಿಂದ ಯಾವ ತಿಂಗಳವರೆಗೆ? ಅಳೆದವರು ಯಾರು? ಉತ್ತರ ಸಿಗದೇ ಇದ್ರೆ ಆ ವಿಡಿಯೊ ನಂಬಿ ಷೇರೂ ತಗೋಬೇಡಿ, ‘ಸ್ಟಾಕ್ ಮುಗೀತದ’ ಅಂತ ಗಡಿಬಿಡಿಯಲ್ಲಿ ಫೋನೂ ತಗೋಬೇಡಿ.

ಮುಂದಿನ ಸಂಚಿಕೆಯಲ್ಲಿ ಫೋನಿನ ‘ವರ್ಚುವಲ್ ರ‍್ಯಾಮ್’ ಅಂದ್ರೇನು, ಡಬ್ಬಿ ಮೇಲೆ 8 ಪ್ಲಸ್ 8 ಅಂತ ಯಾಕೆ ಬರೀತಾರೆ ಅಂತ ನೋಡೋಣ. ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ಮೆಸೇಜ್ ಮಾಡಿ ಕಳಿಸ್ರಿ.